ಕೆಂಪು ಸ್ಪಷ್ಟವೋ, ಹಸಿರು ಸ್ಪಷ್ಟವೋ

"ಇದು ಕನ್ನಡಕಾನಾ, ಇಲ್ಲಾ ಸೇಡಾ?"

ಕೌಂಟರಿನ ಗಾಜಿನ ಮೇಲೆ ಕನ್ನಡಕ ಇಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ ಅವನು. ನೀಲಿ ಡಂಗರಿ, ಎದೆಯ ಜೇಬಿನಲ್ಲಿ ಎರಡು ಸ್ಪಾನರ್, ಬಲಗೆನ್ನೆಯ ಮೇಲೆ ಗ್ರೀಸಿನ ಗೆರೆ. ನಮ್ಮ ಕಟ್ಟಡದ ಲಿಫ್ಟ್ ರಿಪೇರಿಗೆ ತಿಂಗಳಿಗೊಮ್ಮೆ ಬರುವವನು. ಅಲ್ಲಿಯವರೆಗೆ ನಾನು ನೋಡಿದ್ದು ಲಿಫ್ಟಿನ ಮೇಲಿಂದ ನೇತಾಡುವ ಅವನ ಬೂಟುಗಳನ್ನು ಮಾತ್ರ. ಬೂಟಿಗೆ ಇಷ್ಟು ಸಿಟ್ಟಿನ ಮುಖವೊಂದು ಇದೆ ಎಂದು ಗೊತ್ತಿರಲಿಲ್ಲ.

"ಕನ್ನಡಕಾನೇ," ಎಂದೆ. "ಸೇಡು ನಮ್ಮಲ್ಲಿ ಸ್ಟಾಕ್ ಇಲ್ಲ."

ಅವನಿಗೆ ನಗು ಬರಲಿಲ್ಲ. "ಇದನ್ನ ಹಾಕ್ಕೊಂಡ ದಿನದಿಂದ ನಮ್ಮಪ್ಪ ತಲೆನೋವು ಅಂತ ಹಣೆ ಒತ್ಕೊಂಡು ಕೂತಿದಾರೆ. ನಿನ್ನೆ ನಮ್ಮನೆ ಮೆಟ್ಟಿಲೇ ಎಡವಿದ್ರು. ಮೂವತ್ತು ವರ್ಷದಿಂದ ಹತ್ತಿ ಇಳಿದ ಮೆಟ್ಟಿಲು ಕಣ್ರೀ ಅದು!"

"ಯಾರು ನಿಮ್ಮಪ್ಪ?"

"ಹನ್ನೊಂದು."

ನನ್ನ ಕೈಲಿದ್ದ ಒರೆಸುವ ಬಟ್ಟೆ ಅಲ್ಲೇ ನಿಂತಿತು. ಊರಲ್ಲಿ ಹನ್ನೊಂದು ಅಂದರೆ ಒಬ್ಬರೇ. ಕೆಂಪು ಕ್ಲಬ್ಬಿನ ಹಳೆಯ ಹನ್ನೊಂದನೇ ನಂಬರ್ ಆಟಗಾರ, ಈಗ ಬಸ್ ಡ್ರೈವರ್. ನಾನೋ, ಹಸಿರು ಕ್ಲಬ್ಬಿನ ಹಳೆಯ ಗೋಲ್‌ಕೀಪರನ ಮಗಳು. ಇಪ್ಪತ್ನಾಲ್ಕು ವರ್ಷದ ಹಿಂದೆ, ಫೈನಲ್ಲಿನ ಕೊನೆಯ ನಿಮಿಷದಲ್ಲಿ ಹನ್ನೊಂದು ಒದ್ದ ಚೆಂಡನ್ನು ನಮ್ಮಪ್ಪ ಗೋಲಿನ ಗೆರೆಯ ಬಳಿ ತಡೆದ. ಆ ಹೊಡೆತಕ್ಕೆ ಮುರಿದ ಅಪ್ಪನ ಕಿರುಬೆರಳು ಇವತ್ತಿಗೂ ಕೊಕ್ಕೆಯ ಹಾಗೆ ಬಾಗಿಯೇ ಇದೆ. ಚೆಂಡು ಗೆರೆ ದಾಟಿತ್ತು ಎಂದು ಹನ್ನೊಂದು, ದಾಟಿರಲಿಲ್ಲ ಎಂದು ನಮ್ಮಪ್ಪ. ರೆಫರಿ ಗೋಲ್ ಕೊಡಲಿಲ್ಲ. ಅಂದಿನಿಂದ ಎರಡು ಮನೆಗಳಿಗೆ ಮಾತಿಲ್ಲ, ಕಥೆಯಿಲ್ಲ. ರೈಲು ಹಳಿಯ ಆಚೆ ಬದಿಯವರೆಲ್ಲ ಕೆಂಪು, ಈಚೆಯವರೆಲ್ಲ ಹಸಿರು. ಕನ್ನಡಕದಂಗಡಿ ನನ್ನ ಸೋದರತ್ತೆಯದು. ಷಟರ್ ಹಸಿರು, ಕುರ್ಚಿ ಹಸಿರು, ಗಾಜು ಒರೆಸುವ ಬಟ್ಟೆಯೂ ಹಸಿರು.

"ಹಾಗಾದ್ರೆ ನಾನು ಬೇಕಂತಲೇ ತಪ್ಪು ಕನ್ನಡಕ ಕೊಟ್ಟೆ ಅಂತೀರಾ?"

"ನಾನಲ್ಲ, ನಮ್ಮ ಬೀದಿಯೇ ಅಂತಿದೆ."

ನನಗೆ ಮೂಗಿನ ತುದಿಯಲ್ಲೇ ಕೋಪ. "ಸೇಡು ತೀರಿಸ್ಕೊಳಕ್ಕೆ ನಾನು ನಾಲ್ಕು ವರ್ಷ ಕಣ್ಣಿನ ಕೋರ್ಸ್ ಓದಬೇಕಿತ್ತಾ? ನಿಮ್ಮನೆ ಬಾಗಿಲಿಗೆ ಹಸಿರು ಪೇಂಟ್ ಬಳಿದಿದ್ರೆ ಒಂದು ಮಧ್ಯಾಹ್ನಕ್ಕೆ ಕೆಲಸ ಮುಗೀತಿತ್ತು. ಕರ್ಕೊಂಡು ಬನ್ನಿ ನಿಮ್ಮಪ್ಪನ್ನ. ಇನ್ನೊಂದ್ಸಲ ನೋಡ್ತೀನಿ."

"ಬರಲ್ಲ. ಡಿಪೋದವರು ಚೀಟಿ ಕೊಟ್ಟು ಕಳಿಸಿದ್ರು ಅಂತ ಒಂದ್ಸಲ ಬಂದಿದ್ರು. ಅವತ್ತು ಮನೆಗೆ ಬಂದೋರೇ ಮೊದಲು ಸ್ನಾನ ಮಾಡಿದ್ರು."

ಈ ಮಾತಿಗೆ ನಗಬಾರದೆಂದು ನಾನು ತುಟಿ ಕಚ್ಚಿದೆ. ಅವನೂ ಕಚ್ಚಿಕೊಂಡ. ಇಬ್ಬರೂ ಒಬ್ಬರ ತುಟಿಯನ್ನೊಬ್ಬರು ನೋಡಿದ್ದು ಇಬ್ಬರಿಗೂ ಗೊತ್ತಾಗಿ, ಇಬ್ಬರೂ ಕನ್ನಡಕದ ಕಡೆ ನೋಡಿದೆವು. ಕಣ್ಣು ನೋಡುವುದು ನನ್ನ ಕಸುಬು. ದಿನಕ್ಕೆ ನಲವತ್ತು ಕಣ್ಣು ನೋಡುತ್ತೇನೆ. ಅವನ ಎಡಗಣ್ಣಿನ ಕಂದು ಬಣ್ಣದ ನಡುವೆ ಜೇನಿನ ಬಣ್ಣದ ಒಂದು ಚಿಕ್ಕ ಚುಕ್ಕೆ ಇತ್ತು. ಕಸುಬಿಗೆ ಬೇಡದ ವಿಷಯ ಅದು. ಆದರೂ ಸಂಜೆಯವರೆಗೆ ನನ್ನ ತಲೆಯಲ್ಲೇ ಕೂತಿತ್ತು.

ಅವನು ಹೋದ ಮೇಲೆ ಹನ್ನೊಂದು ಅವರ ಕಾರ್ಡ್ ಹುಡುಕಿ ತೆಗೆದೆ.

ಕಣ್ಣು ಪರೀಕ್ಷೆಯ ಕೊನೆಯಲ್ಲಿ ನಾವು ಒಂದು ದೀಪದ ಪೆಟ್ಟಿಗೆ ಹಚ್ಚುತ್ತೇವೆ. ಅರ್ಧ ಕೆಂಪು, ಅರ್ಧ ಹಸಿರು. ಎರಡರ ಮೇಲೂ ಒಂದೇ ಅಳತೆಯ ಕಪ್ಪು ಉಂಗುರಗಳು. ಯಾವುದರ ಮೇಲಿನವು ಹೆಚ್ಚು ಸ್ಪಷ್ಟ ಎಂದು ಕೇಳುತ್ತೇವೆ. ಕೆಂಪು ಎಂದರೆ ಕಾಲು ಮೈನಸ್ ಸೇರಿಸುತ್ತೇವೆ, ಹಸಿರು ಎಂದರೆ ಕಾಲು ಪ್ಲಸ್. ಎರಡೂ ಸಮವಾಗಿ ಕಂಡಲ್ಲಿ ನಿಲ್ಲಿಸುತ್ತೇವೆ. ಕಾರ್ಡಿನಲ್ಲಿ ನನ್ನದೇ ಅಕ್ಷರದಲ್ಲಿ ಬರೆದಿತ್ತು: ಕೆಂಪು. ಮೈನಸ್. ಕೆಂಪು. ಮೈನಸ್. ಕೆಂಪು. ಮೈನಸ್. ಕೆಂಪು.

ಎಷ್ಟು ಮೈನಸ್ ಹಾಕಿದರೂ ಕೆಂಪು, ಕೆಂಪು, ಕೆಂಪು. ಅದನ್ನು ಗಟ್ಟಿಯಾಗಿ ಓದಿದೆ. ಮೈದಾನದ ಆಚೆ ಸ್ಟ್ಯಾಂಡಿನವರು ಕೂಗುವ ಹಾಗೇ ಕೇಳಿಸಿತು.

ಅಯ್ಯೋ ದೇವರೇ. ಹನ್ನೊಂದು ಅವರು ಉಂಗುರ ನೋಡಿ ಹೇಳಿದ್ದಲ್ಲ. ಹಸಿರು ಅಂಗಡಿಯ ಹಸಿರು ಕುರ್ಚಿಯಲ್ಲಿ ಕೂತು, ಗೋಲ್‌ಕೀಪರನ ಮಗಳ ಎದುರಿಗೆ, 'ಹಸಿರು ಚೆನ್ನಾಗಿದೆ' ಎನ್ನಲು ಅವರಿಗೆ ಬಾಯಿ ಬಂದಿರಲಿಲ್ಲ. ನಾನೋ, ಬೇಡದ ಮೈನಸ್ ಸೇರಿಸುತ್ತಲೇ ಹೋಗಿದ್ದೆ.

ಒಬ್ಬಳೇ ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ನಗು ನಿಂತಿತು. ಉತ್ತರ ಬದಲಾಗದಿದ್ದಾಗ ನನಗೆ ಅನುಮಾನ ಬರಬೇಕಿತ್ತು. ಅವತ್ತು ಡಿಪೋದವರು ಒಟ್ಟಿಗೆ ಇಪ್ಪತ್ತು ಡ್ರೈವರುಗಳನ್ನು ಕಳಿಸಿದ್ದರು, ಕೆಲಸಕ್ಕೆ ಸೇರಿ ನನಗೆ ಎರಡೇ ತಿಂಗಳು, ಗಡಿಬಿಡಿಯಲ್ಲಿ ಬರೆದು ಮುಗಿಸಿದ್ದೆ. ಮೊದಲ ದಿನವೇ ಅತ್ತೆ ಹೇಳಿಕೊಟ್ಟ ಪಾಠ ಒಂದಿತ್ತು: ಕುರ್ಚಿಯಲ್ಲಿ ಕೂತವರ ಮಾತು ಪರೀಕ್ಷೆಯ ಮೂಲೆಯ ಈ ಪರದೆ ದಾಟಬಾರದು. ಈ ವಿಷಯ ಪರದೆ ದಾಟಿದರೆ ಹನ್ನೊಂದು ಅವರನ್ನು ಎರಡೂ ಕಡೆಯವರು ಸಾಯುವವರೆಗೆ ಆಡಿಕೊಳ್ಳುತ್ತಾರೆ. ನಮ್ಮಪ್ಪನಂತೂ ಮೈಕ್ ಹಿಡಿದು ಸಾರಿಬಿಡುತ್ತಾನೆ.

ಕಾರ್ಡನ್ನು ಡ್ರಾಯರಿಗೆ ಹಾಕಿ ಬೀಗ ಹಾಕಿದೆ. ಮಾರನೆಯ ದಿನ ಅವನು ಬಂದಾಗ, "ತಪ್ಪು ನಂದೇ. ಕರ್ಕೊಂಡು ಬನ್ನಿ, ಸರಿ ಮಾಡ್ಕೊಡ್ತೀನಿ. ಅಲ್ಲೀವರೆಗೆ ಅವರು ಬಸ್ ಹತ್ತಬಾರದು," ಎಂದೆ.

ಅವನು ಜಗಳಕ್ಕೆಂದೇ ತಯಾರಾಗಿ ಬಂದಿದ್ದ ಎಂದು ಕಾಣುತ್ತದೆ. ಜಗಳ ಸಿಗದೆ ಕೈ ಎಲ್ಲಿಡಬೇಕೋ ತೋಚದೆ ಸ್ಪಾನರ್ ತೆಗೆದು ಮತ್ತೆ ಜೇಬಿಗೇ ಇಟ್ಟುಕೊಂಡ. "ರಜೆ ಹಾಕಿಸಿದೀನಿ," ಎಂದ. "ಡಿಪೋದ ಮೆಡಿಕಲ್‌ಗೆ ಇನ್ನೂ ನಲವತ್ತು ದಿನ ಇದೆ. ಅಷ್ಟರೊಳಗೆ ಹೇಗಾದ್ರೂ ಒಪ್ಪಿಸ್ತೀನಿ, ಡಾಕ್ಟ್ರೇ."

"ನಾನು ಡಾಕ್ಟರ್ ಅಲ್ಲ."

"ಬೈಯೋದು ಮಾತ್ರ ಡಾಕ್ಟರ್ ಥರಾನೇ."

ಅಲ್ಲಿಂದ ನಮ್ಮ ಲಿಫ್ಟಿಗೆ ಕಾಯಿಲೆ ಶುರುವಾಯಿತು.

ಸೋಮವಾರ ಬಾಗಿಲು ಕಿರುಗುಟ್ಟುತ್ತದೆ ಎಂದು ಬಂದ. ಗುರುವಾರ ಗುಂಡಿ ಅಂಟುತ್ತದೆ ಎಂದು ಬಂದ. ಶನಿವಾರ ಏನೂ ಸಿಗಲಿಲ್ಲವೇನೋ, ಲಿಫ್ಟಿನೊಳಗಿನ ಕನ್ನಡಿ ಒರೆಸುತ್ತ ನಿಂತಿದ್ದ. ಅತ್ತೆ ಮೆಟ್ಟಿಲಿಳಿಯುತ್ತ, "ಈ ಲಿಫ್ಟಿಗೆ ಆಗ್ತಿರೋ ಆರೈಕೆ ನನಗೆ ಬಾಣಂತನದಲ್ಲೂ ಆಗಿಲ್ಲಪ್ಪ," ಎಂದು ಗೊಣಗಿದರು.

"ನಿಜ ಹೇಳಿ, ಏನಾಗಿದೆ ಇದಕ್ಕೆ?" ಎಂದು ಕೇಳಿದೆ. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಅವನು ಬಾಗಿಲ ಚೌಕಟ್ಟಿಗೆ ಒರಗಿದ್ದ.

"ಅದಕ್ಕೇನಾಗಿಲ್ಲ. ನನಗೇ ಏನೋ ಆಗಿದೆ."

"ಏನಾಗಿದೆ?"

"ಕಣ್ಣು ಮಂಜಾಗ್ತಿದೆ. ಎಲ್ಲಿ ನೋಡಿದ್ರೂ ಒಬ್ಬರೇ ಕಾಣ್ತಾರೆ."

"ಎರಡೆರಡು ಕಂಡ್ರೆ ಕಾಯಿಲೆ. ಒಬ್ಬರೇ ಕಂಡ್ರೆ ಅದಕ್ಕೆ ಪವರ್ ಬೇಕಾಗಿಲ್ಲ," ಎಂದು ಹೇಳುವಷ್ಟರಲ್ಲಿ ನನ್ನ ಕಿವಿ ಬಿಸಿಯಾಯಿತು. "ಕೂರಿ, ನೋಡ್ತೀನಿ."

ದೀಪ ಆರಿಸಿ, ಚಿಕ್ಕ ಟಾರ್ಚ್ ಹಿಡಿದು ಅವನ ಕಣ್ಣಿನೊಳಗೆ ನೋಡಿದೆ. ಈ ಪರೀಕ್ಷೆಗೆ ಮುಖದ ಹತ್ತಿರ ಮುಖ ತರಲೇಬೇಕು. ದಿನಾ ತರುತ್ತೇನೆ, ಒಂದು ದಿನವೂ ಕೈ ನಡುಗಿದ್ದಿಲ್ಲ. ಅವತ್ತು ಟಾರ್ಚಿನ ಬೆಳಕು ಅವನ ಹಣೆ, ಕೆನ್ನೆ, ಕಿವಿ ಎಲ್ಲ ಸುತ್ತಿ ಬಂತು, ಕಣ್ಣಿಗೆ ಮಾತ್ರ ಬೀಳಲಿಲ್ಲ.

"ಏನ್ ಕಾಣ್ತಿದೆ?" ಎಂದು ಪಿಸುಗುಟ್ಟಿದ.

"ಸುಮ್ನಿರಿ. ನೇರ ನೋಡಿ."

"ನೇರಾನೇ ನೋಡ್ತಿದೀನಿ. ಅದೇ ತೊಂದರೆ."

ಆ ಜೇನುಬಣ್ಣದ ಚುಕ್ಕೆ ಬೆಳಕಿಗೆ ಹೊಳೆಯಿತು. ನಾನು ಟಾರ್ಚ್ ಆರಿಸಿದೆ. ಕತ್ತಲಲ್ಲಿ ಅವನ ಬೆರಳು ನನ್ನ ಬೆರಳಿಗೆ ತಾಗಿತು, ಹಾಗೇ ಉಳಿಯಿತು. ಗ್ರೀಸಿನ ವಾಸನೆ ಇಷ್ಟು ಚೆನ್ನಾಗಿರಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ. ಹೊರಗೆ ಅತ್ತೆ ಕೆಮ್ಮಿದ ಮೇಲೆ ಲೈಟು ಹಾಕಿದೆ. ಆ ಹೊತ್ತಿನಿಂದ ನಾವು 'ರೀ' ಬಿಟ್ಟು 'ನೀನು' ಹಿಡಿದೆವು.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಲಿಫ್ಟಿನ ಗಂಟೆ ಟಿಂಗ್ ಎಂದರೆ ಕೈಯಲ್ಲಿದ್ದ ಲೆನ್ಸು ತಲೆಕೆಳಗು. ಒಬ್ಬ ಅಜ್ಜಿಗೆ ಎಡಗಣ್ಣಿನದನ್ನು ಬಲಗಣ್ಣಿಗೆ ಹಾಕಿ, "ಈಗ ಹೇಗಿದೆ?" ಎಂದು ಕೇಳಿದೆ. "ನನಗೆ ಪರವಾಗಿಲ್ಲಮ್ಮ, ನೀನು ಹೇಗಿದೀಯ?" ಎಂದಿತು ಅಜ್ಜಿ.

ಅವನು ಬಂದಾಗಲೆಲ್ಲ ಮೊದಲ ಪ್ರಶ್ನೆ ನನ್ನದೇ. "ಒಪ್ಪಿದ್ರಾ?"

"ಇಲ್ಲ. ಹಳೇ ಕನ್ನಡಕಕ್ಕೆ ಕೆಂಪು ಟೇಪ್ ಸುತ್ಕೊಂಡು ಪೇಪರ್ ಓದ್ತಾರೆ. ಹಸಿರು ಅಂಗಡಿ ಮೆಟ್ಟಿಲು ಹತ್ತಲ್ಲ ಅಂದ್ರೆ ಹತ್ತಲ್ಲ."

"ಸಿಗ್ನಲ್ಲಲ್ಲಿ ಹಸಿರು ಬಂದ್ರೆ ಬಸ್ ಬಿಡ್ತಾರಲ್ಲ?"

"ಬಿಡ್ತಾರೆ. ಬೈಕೊಂಡು ಬಿಡ್ತಾರೆ." ನಕ್ಕು, ಆಮೇಲೆ ಮುಖ ಸಣ್ಣದು ಮಾಡಿಕೊಂಡ. "ಅಪ್ಪ ಈ ಮೆಟ್ಟಿಲು ಹತ್ತದೆ ಇದ್ರೆ ನಮ್ಮ ವಿಷಯ ಎಲ್ಲಿಂದ ಶುರು ಮಾಡ್ಲಿ, ಹೇಳು? ನಿನ್ನ ಕಣ್ಣಿನ ಚೀಟಿಯನ್ನೇ ನಂಬದೋರು ನಿನ್ನನ್ನ ಹೇಗೆ ನಂಬ್ತಾರೆ?"

ಒಂದೇ ಮಾತಿನಲ್ಲಿ ಅವನ ಅನುಮಾನ ತೀರಿಸಬಹುದಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಅಷ್ಟರಲ್ಲಿ ಕೆಂಪು-ಹಸಿರು ಪಂದ್ಯದ ಭಾನುವಾರ ಬಂತು. ನಾನು ಹಸಿರು ಸ್ಟ್ಯಾಂಡಿನಲ್ಲಿ ಅಪ್ಪನ ಪಕ್ಕ, ಅವನು ಎದುರಿನ ಕೆಂಪು ಸ್ಟ್ಯಾಂಡಿನಲ್ಲಿ ಅವನಪ್ಪನ ಪಕ್ಕ. ನಡುವೆ ನೂರು ಚಿಲ್ಲರೆ ಗಜದ ಹುಲ್ಲು. ಅಂಗಡಿಯ ಷೋಕೇಸಿನಿಂದ ಒಂದು ದುರ್ಬೀನು ಎತ್ತಿಕೊಂಡು ಬಂದಿದ್ದೆ. ಆಟ ಶುರುವಾಗಿ ಹತ್ತು ನಿಮಿಷಕ್ಕೆ ಎದುರಿನ ಸ್ಟ್ಯಾಂಡನ್ನು ಸಾಲಾಗಿ ಹುಡುಕಿದೆ. ಏಳನೇ ಸಾಲಿನಲ್ಲಿ ಸಿಕ್ಕಿದ. ಅವನ ಕಣ್ಣಿಗೂ ಒಂದು ದುರ್ಬೀನು! ಅದು ನನ್ನ ಕಡೆಗೇ ತಿರುಗಿತ್ತು.

ಹತ್ತು ಸಾವಿರ ಜನ ಚೆಂಡು ನೋಡುತ್ತಿದ್ದರು. ನಾವಿಬ್ಬರು ಮೈದಾನದ ಮೇಲಿಂದ ಒಬ್ಬರನ್ನೊಬ್ಬರು ನೋಡುತ್ತ ಕೂತೆವು. ಅವನು ಹುಬ್ಬು ಕುಣಿಸಿದ. ನಾನು ಮೂಗು ಮುರಿದೆ. ಅವನು ಎದೆಯ ಮೇಲೆ ಕೈಯಿಟ್ಟು ಸತ್ತವನ ಹಾಗೆ ಒರಗಿದ. ಪಕ್ಕದಲ್ಲಿ ಹನ್ನೊಂದು ಅವರು ಕಣ್ಣು ಕಿರಿದು ಮಾಡಿ, ಆಗಾಗ ಅವನ ತೋಳು ಜಗ್ಗಿ ಏನಾಯಿತು ಎಂದು ಕೇಳುತ್ತಿದ್ದರು. ಇಡೀ ಜೀವಮಾನ ಚೆಂಡಿನ ಹಿಂದೆ ಓಡಿದ ಮನುಷ್ಯನಿಗೆ ಚೆಂಡು ಕಾಣುತ್ತಿರಲಿಲ್ಲ.

ಆಟ ಮುಗಿಯಲು ಐದು ನಿಮಿಷವಿತ್ತು. ನಾವು ಒಂದು ಗೋಲ್ ಮುಂದಿದ್ದೆವಂತೆ. ನನಗೆ ಗೊತ್ತಿರಲಿಲ್ಲ. ಇದ್ದಕ್ಕಿದ್ದ ಹಾಗೆ ದುರ್ಬೀನಿನಲ್ಲಿ ಅವನು ಎಗರಿ ನಿಂತ, ಅವನಪ್ಪನನ್ನು ಎತ್ತಿ ಕುಣಿಸಿದ, ಹನ್ನೊಂದು ಅವರ ಮುಖ ಮಗುವಿನ ಮುಖದ ಹಾಗೆ ಅರಳಿತು. ನಾನು ಚಪ್ಪಾಳೆ ಹೊಡೆಯುತ್ತ ಎದ್ದು ನಿಂತೆ.

ಸುತ್ತ ಒಬ್ಬರೂ ಎದ್ದಿರಲಿಲ್ಲ. ಇಡೀ ಹಸಿರು ಸ್ಟ್ಯಾಂಡು ತಲೆಯ ಮೇಲೆ ಕೈ ಹೊತ್ತು ಕೂತಿತ್ತು. ಕೆಂಪಿನವರು ಗೋಲ್ ಸಮ ಮಾಡಿದ್ದರು.

ಅಪ್ಪ ಮೆಲ್ಲಗೆ ನನ್ನ ಕೈಯಿಂದ ದುರ್ಬೀನು ತೆಗೆದುಕೊಂಡ. ನಾನು ನೋಡುತ್ತಿದ್ದ ಕಡೆಗೇ ಹಿಡಿದ. ಬಹಳ ಹೊತ್ತು ನೋಡಿದ.

"ಆ ಹುಡುಗ ಯಾರಿಗೆ ಕೈ ಬೀಸ್ತಿದಾನೆ?"

"ನನಗೇ ಇರಬೇಕಪ್ಪ."

"ಪಕ್ಕದಲ್ಲಿರೋದು ಹನ್ನೊಂದು."

"ಹೂಂ. ಅವನ ಅಪ್ಪ."

ಅಪ್ಪ ದುರ್ಬೀನು ನನ್ನ ಮಡಿಲಿಗೆ ಹಾಕಿ ಎದ್ದು ಹೋದ. ಮನೆಗೆ ಹೋದ ಮೇಲೂ ಮಾತಿಲ್ಲ. ಊಟಕ್ಕೆ ಕೂತಾಗ ಎದುರಿಗಿದ್ದ ನನ್ನನ್ನು ಬಿಟ್ಟು ಅತ್ತೆಗೆ ಫೋನ್ ಮಾಡಿ, "ನಿನ್ನ ಸೊಸೆಗೆ ಉಪ್ಪು ಈ ಕಡೆ ತಳ್ಳಕ್ಕೆ ಹೇಳು," ಎಂದ. ನನಗೆ ನಗು ಬಂತು, ಅಳುವೂ ಬಂತು. ಉಪ್ಪು ತಳ್ಳಿದೆ.

ಮೆಡಿಕಲ್ ದಿನ ಹನ್ನೊಂದು ಅವರು ಡಿಪೋದ ನಿಯಮಕ್ಕೆ ಹೆದರಿ ಹೊಸ ಕನ್ನಡಕ ಹಾಕಿಕೊಂಡೇ ಹೋದರು. ಬೋರ್ಡಿನ ಕೊನೆಯ ಎರಡು ಸಾಲು ಓದಲಾಗಲಿಲ್ಲ. ಸ್ಟಿಯರಿಂಗಿನಿಂದ ಇಳಿಸಿ ಡಿಪೋದ ಗೇಟಿನಲ್ಲಿ ಕೂರಿಸಿದರು. ಬಸ್ಸು ಬಂದರೆ ಕೋಲು ಎತ್ತುವುದು, ಹೋದ ಮೇಲೆ ಇಳಿಸುವುದು. ದಿನದ ಕೊನೆಗೆ ಡಿಪೋ ಮ್ಯಾನೇಜರ್‌ನಿಂದ ನನಗೆ ಕರೆ ಬಂತು.

ಮ್ಯಾನೇಜರ್ ಕನ್ನಡಕದ ಮೇಲಿಂದ ನೋಡುವ ಹೆಂಗಸು. ಮೇಜಿನ ಈಚೆ ಹನ್ನೊಂದು ಅವರು ಕೂತಿದ್ದರು. ಅವರ ಹಿಂದೆ, ಗೋಡೆಗೆ ಅಂಟಿದ ಹಾಗೆ, ನನ್ನ ಲಿಫ್ಟಿನವನು.

"ಇಪ್ಪತ್ತು ಜನರಲ್ಲಿ ಇವರೊಬ್ಬರದೇ ತಪ್ಪಾಗಿದೆ," ಎಂದರು ಮ್ಯಾನೇಜರ್. "ಬೇಕಂತ ಮಾಡಿದ್ದು ಅಂತ ದೂರು ಬಂದಿದೆ. ಏನಮ್ಮಾ, ಹೇಗಾಯ್ತು?"

ಡ್ರಾಯರಿನಿಂದ ತೆಗೆದು ತಂದ ಕಾರ್ಡ್ ನನ್ನ ಚೀಲದಲ್ಲೇ ಇತ್ತು. ತೆಗೆದು ಮೇಜಿನ ಮೇಲೆ ಇಟ್ಟರೆ ಸಾಕು. ನನ್ನ ಹೆಸರು ಉಳಿಯುತ್ತದೆ, ಅತ್ತೆಯ ಅಂಗಡಿಗೆ ಬರುವ ಡಿಪೋದ ಚೀಟಿಗಳು ಉಳಿಯುತ್ತವೆ, ಗೋಡೆಗೆ ಅಂಟಿದವನ ಕಣ್ಣಿನ ಅನುಮಾನವೂ ಹೋಗುತ್ತದೆ. ಹನ್ನೊಂದು ಅವರು ನನ್ನ ಚೀಲವನ್ನೇ ನೋಡುತ್ತಿದ್ದರು. ಮಂಡಿಯ ಮೇಲಿಟ್ಟ ಅವರ ಕೈಬೆರಳುಗಳು ಒಂದೇ ಸಮನೆ ಕುಣಿಯುತ್ತಿದ್ದವು. ಅವರಿಗೆ ಎಲ್ಲ ಗೊತ್ತಿತ್ತು. ನಾನು ಏನು ಹೇಳಬಲ್ಲೆ ಎಂದೂ ಗೊತ್ತಿತ್ತು.

ಚೀಲದ ಜಿಪ್ಪಿನ ಮೇಲೆ ಕೈಯಿಟ್ಟೆ. ಹಾಗೇ ಬಿಟ್ಟೆ.

"ಬೇಕಂತ ಮಾಡಿದ್ದಲ್ಲ. ಆದ್ರೆ ತಪ್ಪು ನಂದು ಮೇಡಂ. ಕೊನೇಲಿ ಇನ್ನೊಂದ್ಸಲ ತಾಳೆ ನೋಡಬೇಕಿತ್ತು, ನೋಡ್ಲಿಲ್ಲ. ಅವರು ಬಂದ್ರೆ ನಾಳೇನೇ ಸರಿ ಮಾಡ್ಕೊಡ್ತೀನಿ."

ಹನ್ನೊಂದು ಅವರ ಬೆರಳು ನಿಂತವು.

ಅವನು ಗೇಟಿನವರೆಗೆ ಓಡಿ ಬಂದ. "ನಿಜವಾಗ್ಲೂ ನಿನ್ನ ತಪ್ಪೇನಾ? ನನ್ನ ಕಣ್ಣು ನೋಡಿ ಹೇಳು."

"ಕಣ್ಣು ನೋಡೋದೇ ನನ್ನ ಕೆಲಸ. ನೋಡಿಯೇ ಹೇಳ್ತಿದೀನಿ."

"ಇನ್ನೇನೋ ಇದೆ. ನೀನು ಹೇಳ್ತಿಲ್ಲ."

"ಇದ್ರೂ ಹೇಳಲ್ಲ."

ಅವನು ನೋಡಿದ, ಕಾದ, ತಲೆ ತಗ್ಗಿಸಿದ. "ಅಪ್ಪ ಗೇಟಲ್ಲಿ ಕೋಲು ಎತ್ತುತಾ ಇರುವಾಗ ಮನೇಲಿ ನಿನ್ನ ವಿಷಯ ಹೇಗೆ ಎತ್ಲಿ? ನನಗೆ ಸ್ವಲ್ಪ ದಿನ ಕೊಡು."

"ತಗೋ," ಎಂದೆ. ಹೇಳುವಾಗ ಧ್ವನಿ ಗಟ್ಟಿಯಾಗಿಯೇ ಇತ್ತು. ಬಸ್ ಸ್ಟಾಪಿನವರೆಗೆ ನಡೆಯುವಷ್ಟರಲ್ಲಿ ಕಣ್ಣು ತುಂಬಿ ಬಂದು ಬಸ್ಸಿನ ನಂಬರೇ ಕಾಣಲಿಲ್ಲ.

ಹನ್ನೊಂದು ದಿನ ಅವನು ಬರಲಿಲ್ಲ. ಎಣಿಸಿದ್ದೇನೆ. ಡಿಪೋದವರು ಚೀಟಿ ಕಳಿಸುವುದನ್ನು ನಿಲ್ಲಿಸಿದರು. ಅತ್ತೆ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ನಾನು ಲಿಫ್ಟ್ ಹತ್ತಿ ಮೇಲೆ ಹೋಗುತ್ತಿದ್ದೆ, ಕೆಳಗೆ ಬರುತ್ತಿದ್ದೆ, ಮತ್ತೆ ಮೇಲೆ ಹೋಗುತ್ತಿದ್ದೆ. ಕೆಟ್ಟು ನಿಲ್ಲಲಿ ಎಂದು ಬೇಡಿಕೊಂಡೆ. ಒಂದು ದಿನ ಎಲ್ಲ ಗುಂಡಿಗಳನ್ನೂ ಒಟ್ಟಿಗೆ ಒತ್ತಿ ನೋಡಿದೆ. ಹಾಳಾದ್ದು, ಅಷ್ಟು ಚೆನ್ನಾಗಿ ರಿಪೇರಿ ಮಾಡಿಟ್ಟಿದ್ದ, ಒಂದೊಂದೇ ಮಹಡಿಯಲ್ಲಿ ಮರ್ಯಾದೆಯಿಂದ ನಿಂತು ಬಾಗಿಲು ತೆರೆಯಿತು. ಅವನ ಮೇಲೆ ಸಿಟ್ಟು ಬಂತು. ಬಿಟ್ಟು ಹೋದನಲ್ಲ ಎಂದು ಬಂತು. ಮತ್ತೆ, ನಾನು ಬಾಯಿಬಿಡದೆ ಅವನಾದರೂ ಏನು ಮಾಡಬೇಕು ಎಂದೂ ಅನ್ನಿಸಿತು. ಎಷ್ಟು ಯೋಚಿಸಿದರೂ ನನಗೆ ಅವನು ಬೇಕಾಗಿದ್ದ, ಅಷ್ಟೇ.

ಹನ್ನೆರಡನೇ ದಿನ ಮಧ್ಯಾಹ್ನ. ಅಪ್ಪ ಅಂಗಡಿಯ ಹಿಂದಿನ ಕೋಣೆಯಲ್ಲಿ ಅತ್ತೆಯ ಲೆನ್ಸ್ ಕತ್ತರಿಸುವ ಮಷೀನಿನ ಸ್ಕ್ರೂ ಬಿಗಿಮಾಡುತ್ತಿದ್ದ. ನನ್ನ ಜೊತೆ ಮಾತಿಲ್ಲದಿದ್ದರೂ ಮಷೀನಿನ ಜೊತೆ ಧಾರಾಳವಾಗಿ ಮಾತಾಡುತ್ತಿದ್ದ. ಮೆಟ್ಟಿಲಿನ ಮೇಲೆ ಭಾರವಾದ ಹೆಜ್ಜೆ ಕೇಳಿಸಿತು. ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುವವರು ಯಾರಪ್ಪ ಎಂದು ನೋಡಿದರೆ ಹನ್ನೊಂದು ಅವರು. ಮೂಗಿನ ಮೇಲೆ ಕೆಂಪು ಟೇಪಿನ ಕನ್ನಡಕ.

"ಕೂರಬಹುದಾ?" ಎಂದರು.

ನಾನು ಪರದೆ ಸರಿಸಿದೆ. ಅವರು ಹಸಿರು ಕುರ್ಚಿಯನ್ನು ಒಮ್ಮೆ ನೋಡಿ, ಎರಡು ಕೈಯಿಂದಲೂ ಹಿಡಿಕೆ ಹಿಡಿದು, ಬಸ್ಸಿನ ಸೀಟಿನಲ್ಲಿ ಕೂರುವ ಹಾಗೆ ಕೂತರು.

"ಅವತ್ತು ಡಿಪೋದಲ್ಲಿ ಕಾರ್ಡ್ ನಿನ್ನ ಚೀಲದಲ್ಲಿತ್ತು, ಅಲ್ವಾ?"

"ಇತ್ತು."

"ಯಾಕೆ ತೆಗೀಲಿಲ್ಲ?"

"ಇಲ್ಲಿ ಕೂತು ಹೇಳಿದ್ದು ಪರದೆ ದಾಟಬಾರದು."

"ನನ್ನ ಮಗನಿಗೂ ಹೇಳಿಲ್ವಾ?"

"ಇಲ್ಲ."

"ಹನ್ನೊಂದು ದಿನದಿಂದ ಅವನ ಬಾಯಿ ಬಿಡಿಸಕ್ಕೆ ನೋಡ್ತಿದೀನಿ. ಹುಡುಗಿ ಏನಾದ್ರೂ ಹೇಳಿರ್ತಾಳೆ ಅಂತ. ಅವನು ಅನ್ನ ಬಿಟ್ಟ, ನಿದ್ದೆ ಬಿಟ್ಟ. ಬಾಯಿ ಮಾತ್ರ ಬಿಡ್ಲಿಲ್ಲ. ಈಗ ನೋಡಿದ್ರೆ ಅವನ ಹತ್ರ ಬಿಡಕ್ಕೆ ಏನೂ ಇರ್ಲಿಲ್ಲ." ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನಾನವತ್ತು ಏನಂದುಕೊಂಡೆ ಗೊತ್ತಾ? ಕೀಪರ್ ಮಗಳು ನನ್ನನ್ನ ಕೆಣಕ್ತಿದಾಳೆ ಅಂದುಕೊಂಡೆ. ಕೆಂಪು ಚೆನ್ನಾಗಿದೆಯಾ, ಹಸಿರು ಚೆನ್ನಾಗಿದೆಯಾ ಅಂತ ಮುಖಕ್ಕೆ ಮುಖ ಕೊಟ್ಟು ಕೇಳ್ತಿದೀಯಲ್ಲ! ಜೀವ ಹೋದ್ರೂ ಹೇಳಲ್ಲ ಅಂದುಕೊಂಡೆ. ಲೈಟ್ ಹಾಕಮ್ಮ."

ಪೆಟ್ಟಿಗೆಯ ದೀಪ ಹಚ್ಚಿದೆ. ಪರೀಕ್ಷೆಯ ಚೌಕಟ್ಟಿಗೆ ಹಿಂದಿನ ಪವರನ್ನೇ ಹಾಕಿ ಅವರ ಮೂಗಿನ ಮೇಲೆ ಕೂರಿಸಿದೆ.

"ಯಾವುದರ ಮೇಲಿನ ಉಂಗುರ ಸ್ಪಷ್ಟ?"

ಅವರ ಕೈ ಹಿಡಿಕೆಯ ಮೇಲೆ ಬಿಗಿಯಾಯಿತು. ಗಂಟಲು ಸರಿಮಾಡಿಕೊಂಡರು.

"ಹಸಿರು."

ಹಿಂದಿನ ಕೋಣೆಯಲ್ಲಿ ಸ್ಕ್ರೂಡ್ರೈವರ್ ಕೆಳಗೆ ಬಿದ್ದ ಸದ್ದಾಯಿತು.

ಕಾಲು ಪ್ಲಸ್ ಸೇರಿಸಿದೆ. "ಈಗ?"

"ಈಗ್ಲೂ ಅದೇ. ಹಾಳಾದ್ದು."

ಇನ್ನೊಂದು ಕಾಲು. "ಈಗ?"

"ಅದೇ, ಅದೇ. ಪದೇ ಪದೇ ಹೇಳಿಸ್ಬೇಡ."

ಮತ್ತೊಂದು. ಅವರು ಕುರ್ಚಿಯಲ್ಲಿ ಮುಂದೆ ಬಾಗಿದರು. ಕೆಂಪಿನ ಮೇಲೊಮ್ಮೆ, ಹಸಿರಿನ ಮೇಲೊಮ್ಮೆ ಕಣ್ಣಾಡಿಸಿದರು. ಮುಖದ ಗಂಟುಗಳು ಒಂದೊಂದಾಗಿ ಬಿಚ್ಚಿದವು. "ಎರಡೂ ಒಂದೇ ಥರ ಇದೆಯಲ್ಲೇ," ಎಂದರು, ಆಶ್ಚರ್ಯದಿಂದ. ಬೋರ್ಡಿನ ಕಡೆ ತಿರುಗಿ ಕೊನೆಯ ಸಾಲನ್ನು ನಾನು ಕೇಳದೆಯೇ ಓದಿಬಿಟ್ಟರು.

"ಇದೇ ನಿಮ್ಮ ಪವರ್," ಎಂದೆ.

"ಕಾರ್ಡಿನಲ್ಲಿ ಮಾತ್ರ ಹಸಿರು ಅಂತ ಬರೀಬೇಡ."

"ಬರೀಲೇಬೇಕು ಮಾವ."

ಆ ಮಾತು ಹೇಗೆ ಬಾಯಿಂದ ಜಾರಿತೋ ನನಗೇ ಗೊತ್ತಿಲ್ಲ. ನೆಲ ಬಾಯಿಬಿಡಬಾರದೇ ಎನ್ನಿಸಿತು. ಅವರು ಚೌಕಟ್ಟಿನ ಗಾಜುಗಳೊಳಗಿಂದ ನನ್ನನ್ನು ನೋಡಿದರು. ಬಹುಶಃ ಮೊದಲ ಸಲ ಸ್ಪಷ್ಟವಾಗಿ.

"ಏನಂದೆ? ಸರಿಯಾಗಿ ಕೇಳಿಸ್ಲಿಲ್ಲ."

"ಕಿವಿ ಟೆಸ್ಟ್ ನಾವು ಮಾಡಲ್ಲ," ಎಂದೆ, ನೆಲ ನೋಡುತ್ತ.

ಅವರು ನಕ್ಕರು. ದೊಡ್ಡ ನಗು, ಬಸ್ಸಿನ ಹಿಂದಿನ ಸೀಟಿಗೂ ಕೇಳುವಂಥದ್ದು. "ಇನ್ನೊಂದ್ಸಲ ಹೇಳು ಮಗಳೇ. ಪರದೆ ಆಚೆ ಕೇಳೋ ಹಾಗೆ ಹೇಳು. ಅಲ್ಲೊಬ್ಬ ಸ್ಕ್ರೂಡ್ರೈವರ್ ಬೀಳಿಸ್ಕೊಂಡು ನಿಂತಿದಾನೆ."

ಪರದೆ ಸರಿಯಿತು. ಅಪ್ಪ ನಿಂತಿದ್ದ. ಬಾಗಿದ ಕಿರುಬೆರಳಿಗೆ ಎಣ್ಣೆ ಮೆತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಇಪ್ಪತ್ನಾಲ್ಕು ವರ್ಷದ ಮೇಲೆ ಮೊದಲ ಮಾತು ಏನಿರಬಹುದು ಎಂದು ನಾನು ಕಿವಿಗೊಟ್ಟೆ.

"ಚೆಂಡು ಒಳಗೆ ಹೋಗಿತ್ತು," ಎಂದರು ಹನ್ನೊಂದು ಅವರು.

"ಗೆರೆ ಮೇಲಿತ್ತು," ಎಂದ ಅಪ್ಪ. ಅವರು ತನ್ನ ಬೆರಳು ನೋಡುವುದನ್ನು ಕಂಡು ಕೈ ಹಿಂದೆ ಮಾಡಿಕೊಂಡ. ಆಮೇಲೆ ನನ್ನ ಕಡೆ ತಿರುಗಿದ. ಎಷ್ಟೋ ದಿನದ ಮೇಲೆ ನನಗೇ ಹೇಳಿದ: "ನಿಂತಿದೀಯಲ್ಲ, ಇಬ್ಬರಿಗೂ ಕಾಫಿ ತರಿಸಬಾರದಾ?"

"ಕಾಫಿ ಆಮೇಲೆ," ಎಂದರು ಹನ್ನೊಂದು ಅವರು. "ಕೆಳಗೆ ಲಿಫ್ಟಿನ ಹತ್ರ ಒಬ್ಬ ಕಾಯ್ತಿದಾನೆ. ಒಳಗೆ ಬರೋ ಅಂದ್ರೆ ಕಾಲು ನಡುಗುತ್ತೆ ಅಂದ. ಹೋಗಮ್ಮ."

ಲಿಫ್ಟಿನ ಗುಂಡಿ ಒತ್ತಿದೆ. ಕಾಯಲಾಗಲಿಲ್ಲ. ಮೆಟ್ಟಿಲಿಳಿದು ಓಡಿದೆ. ಕೆಳಗೆ ಯಾರೂ ಇಲ್ಲ. ಲಿಫ್ಟು ಅವನನ್ನು ಹೊತ್ತು ಮೇಲೆ ಹೋಗಿತ್ತು. ಮತ್ತೆ ಮೆಟ್ಟಿಲು ಹತ್ತಿದೆ. ಅರ್ಧ ದಾರಿಯಲ್ಲಿ ಅವನು ಎರಡೆರಡು ಮೆಟ್ಟಿಲು ಹಾರುತ್ತ ಇಳಿದು ಬರುತ್ತಿದ್ದ. ಇಬ್ಬರೂ ಏದುಸಿರು ಬಿಡುತ್ತ ಮೆಟ್ಟಿಲ ತಿರುವಿನಲ್ಲಿ ನಿಂತೆವು. ಗಡ್ಡ ಬೆಳೆದಿತ್ತು, ಕೆನ್ನೆ ಇಳಿದಿತ್ತು, ಗ್ರೀಸಿನ ಗೆರೆ ಇದ್ದಲ್ಲೇ ಇತ್ತು. ಕೈ ಚಾಚಿ ಅದನ್ನು ಒರೆಸಿದೆ. ಅವನು ನನ್ನ ಕೈಯನ್ನು ಕೆನ್ನೆಗೇ ಒತ್ತಿ ಹಿಡಿದುಕೊಂಡ.

ಮೇಲಿನಿಂದ "ಒಳಗೆ!" ಎಂಬ ಕೂಗು ಕೇಳಿಸಿತು. "ಗೆರೆ ಮೇಲೆ!" ಎಂಬ ಇನ್ನೊಂದು.

"ಜಗಳ ಆಡ್ತಿದಾರಾ?" ಅವನ ಮುಖ ಬಿಳಿಚಿತು.

"ಇಲ್ಲ. ಮಾತಾಡ್ತಿದಾರೆ."

"ಅಪ್ಪ ಒಳಗೆ ಏನಂದ್ರು? ಹೇಳೇ!"

"ಅದು ಹೇಳಂಗಿಲ್ಲ. ಪರದೆ ಒಳಗಿನದು."

"ಈಗ್ಲೂನಾ?"

"ಈಗ್ಲೂ. ಆದ್ರೆ ನಾನೇನಂದೆ ಅಂತ ಹೇಳಬಹುದು."

"ಏನಂದೆ?"

ಆ ಜೇನುಬಣ್ಣದ ಚುಕ್ಕೆಯನ್ನೇ ನೋಡುತ್ತ ಹೇಳಿದೆ.

"ಮಾವ ಅಂದೆ."